ಹಳೆಯ ಪಿಕಪ್, ಜೀಪುಗಳಿಗೆ ಪವರ್ ಸ್ಟೀರಿಂಗ್: ಖರ್ಚು ಎಲ್ಲಿ ಉಳಿಸಬಹುದು, ಎಲ್ಲಿ ಉಳಿಸಬಾರದು

ಪನಮರಂ: ಶುಂಠಿ ಮೂಟೆ, ನೇಂದ್ರ ಬಾಳೆಗೊನೆ, ಕಾಫಿ ಚೀಲ, ಗೊಬ್ಬರ ಹೀಗೆ ಹೊರೆ ಯಾವುದೇ ಇರಲಿ, ವಯನಾಡಿನ ಒಳದಾರಿಗಳಲ್ಲಿ ಹಳೆಯ ಜೀಪು ಮತ್ತು ಪಿಕಪ್‌ಗಳು ಇಂದಿಗೂ ದುಡಿಯುತ್ತಿವೆ. ಇವುಗಳ ಎಂಜಿನ್ ಗಟ್ಟಿ, ಬಿಡಿಭಾಗ ಸುಲಭವಾಗಿ ಸಿಗುತ್ತದೆ, ರಿಪೇರಿ ಊರಿನಲ್ಲೇ ಆಗುತ್ತದೆ. ಮಾಲೀಕರ ದೊಡ್ಡ ದೂರು ಒಂದೇ, ಸ್ಟೀರಿಂಗ್ ಭಾರ. ಗದ್ದೆ ಬದಿಯ ಇಕ್ಕಟ್ಟಿನ ದಾರಿಯಲ್ಲಿ ಹೊರೆ ತುಂಬಿದ ಗಾಡಿಯನ್ನು ತಿರುಗಿಸಲು, ಲಕ್ಕಿಡಿಯಿಂದ ಅಡಿವಾರಕ್ಕೆ ಇಳಿಯುವ ತಾಮರಶ್ಶೇರಿ ಚುರದ 9 ಹೇರ್‌ಪಿನ್ ತಿರುವುಗಳನ್ನು ದಾಟಲು ತೋಳಿನಲ್ಲಿ ಬಲ ಬೇಕು. ವಯಸ್ಸಾದ ಚಾಲಕರಿಗೆ, ಭುಜ ನೋವಿರುವವರಿಗೆ ಇದು ಗಾಡಿ ಮಾರುವ ಕಾರಣವೂ ಆಗುತ್ತದೆ.

ಇಂತಹ ಗಾಡಿಗೆ ಕಡಿಮೆ ಖರ್ಚಿನಲ್ಲಿ ಪವರ್ ಸ್ಟೀರಿಂಗ್ ಅಳವಡಿಸಲು ಸಾಧ್ಯವಿದೆ. ಆದರೆ ಸ್ಟೀರಿಂಗ್ ಎಂಬುದು ಬ್ರೇಕಿನಷ್ಟೇ ಮುಖ್ಯ. ಹಳೆಯ ಸಾಮಾನು ಹಾಕಬಹುದಾದ ಜಾಗ ಯಾವುದು, ಹೊಸದನ್ನೇ ಹಾಕಬೇಕಾದ ಜಾಗ ಯಾವುದು ಎಂದು ಮೊದಲೇ ತಿಳಿದಿರಬೇಕು. ಕೆಲಸದ ಕ್ರಮ, ಎರಡು ವಿಧಾನಗಳ ವ್ಯತ್ಯಾಸ, ಕಾನೂನು ಮತ್ತು ಪರೀಕ್ಷೆಯ ವಿವರ ಇಲ್ಲಿದೆ.

ಹಿನ್ನೆಲೆ

ಮಹೀಂದ್ರಾ ಸಂಸ್ಥೆ 1945ರಲ್ಲಿ ಆರಂಭವಾಯಿತು. 1940ರ ದಶಕದ ಕೊನೆಯಲ್ಲಿ ಅದು ಅಮೆರಿಕದ ವಿಲ್ಲೀಸ್ ಜೀಪುಗಳನ್ನು ಭಾರತದಲ್ಲಿ ಜೋಡಿಸಲು ತೊಡಗಿತು. ಮುಂದೆ ಡೀಸೆಲ್ ಎಂಜಿನ್ ಬಂತು, ಉದ್ದ ಚಾಸಿಯ ಗಾಡಿಗಳೂ ಪಿಕಪ್‌ಗಳೂ ಬಂದವು. ಟಾಟಾ ಸಂಸ್ಥೆಯ ಟಾಟಾಮೊಬೈಲ್ ಪಿಕಪ್ 1988ರಲ್ಲಿ, ಮಹೀಂದ್ರಾ ಬೊಲೆರೊ 2000ದಲ್ಲಿ ಮಾರುಕಟ್ಟೆಗೆ ಬಂದವು.

ಮೊದಲಿನ ವಿಲ್ಲೀಸ್ ಮಾದರಿಯ ಜೀಪುಗಳಲ್ಲಿ ಕ್ಯಾಮ್ ಮತ್ತು ಲೀವರ್ ಬಗೆಯ ಸ್ಟೀರಿಂಗ್ ಬಾಕ್ಸ್ ಇತ್ತು. ಬಾಕ್ಸಿನಿಂದ ಬಂದ ಬಲ ಮುಂದಿನ ಅಡ್ಡಪಟ್ಟಿಯ ಮೇಲಿರುವ ಬೆಲ್ ಕ್ರ್ಯಾಂಕ್ ಎಂಬ ತಿರುಗುಪಟ್ಟಿಯ ಮೂಲಕ ಚಕ್ರಗಳಿಗೆ ಹೋಗುತ್ತಿತ್ತು. ಹಗುರವಾದ ಪೆಟ್ರೋಲ್ ಎಂಜಿನ್ ಮತ್ತು ಅಗಲ ಕಡಿಮೆಯ 6.00-16 ಟೈರಿಗೆ ಅಷ್ಟು ಸಾಕಾಗಿತ್ತು. ನಂತರ ಭಾರದ ಡೀಸೆಲ್ ಎಂಜಿನ್ ಕೂತಿತು, ಮಾಲೀಕರು ಅಗಲ ಟೈರ್ ಹಾಕಿಸಿದರು. ಮುಂದಿನ ಆಕ್ಸಲ್ ಮೇಲೆ ಹೊರೆ ಹೆಚ್ಚಿತು. ಆ ಹೊರೆಯನ್ನು ತಿರುಗಿಸುವ ಬಲವೆಲ್ಲ ಚಾಲಕನ ಕೈಯಿಂದಲೇ ಬರಬೇಕಾಯಿತು.

ಪವರ್ ಸ್ಟೀರಿಂಗ್ ಹೊಸ ವಿದ್ಯೆಯಲ್ಲ. ಮಾರಾಟದ ಕಾರಿನಲ್ಲಿ ಹೈಡ್ರಾಲಿಕ್ ಪವರ್ ಸ್ಟೀರಿಂಗನ್ನು 1951ರಲ್ಲಿ ಅಮೆರಿಕದ ಕ್ರೈಸ್ಲರ್ ಸಂಸ್ಥೆ ನೀಡಿತು. ಸ್ಟೀರಿಂಗ್ ಕಾಲಮ್ಮಿಗೆ ವಿದ್ಯುತ್ ಮೋಟಾರು ಜೋಡಿಸುವ ವಿಧಾನ 1988ರಲ್ಲಿ ಜಪಾನಿನ ಸುಜುಕಿ ಸರ್ವೊ ಕಾರಿನಲ್ಲಿ ಬಂತು. ಭಾರತದಲ್ಲಿ ಪುಣೆ ಬಳಿಯ ಝಡ್‌ಎಫ್ ಸ್ಟೀರಿಂಗ್ ಗೇರ್ ಮತ್ತು ಚೆನ್ನೈ ಮೂಲದ ರಾಣೆ ಸಮೂಹ ಪವರ್ ಸ್ಟೀರಿಂಗ್ ತಯಾರಿಕೆಯಲ್ಲಿ ಹೆಸರಾದವು. ಹೀಗಾಗಿ ಬಲಗೈ ಚಾಲನೆಗೆ ಹೊಂದುವ ದೇಶೀ ಬಾಕ್ಸು ಮತ್ತು ಪಂಪು ಹುಡುಕಿದರೆ ಸಿಗುತ್ತವೆ.

ಮೊದಲ ಹೆಜ್ಜೆ: ಭಾರಕ್ಕೆ ಕಾರಣ ಹುಡುಕಿ

ಅನೇಕ ಗಾಡಿಗಳಲ್ಲಿ ಸ್ಟೀರಿಂಗ್ ಭಾರವಾಗಲು ಕಾರಣ ಪವರ್ ಇಲ್ಲದಿರುವುದಲ್ಲ. ಒಣಗಿದ ಕಿಂಗ್ ಪಿನ್, ಸವೆದ ಎಂಡ್, ಕಡಿಮೆ ಗಾಳಿಯ ಟೈರ್ ಇದ್ದರೂ ಹೀಗೇ ಆಗುತ್ತದೆ. ಇವನ್ನು ಸರಿಮಾಡದೆ ಪವರ್ ಸ್ಟೀರಿಂಗ್ ಹಾಕಿದರೆ ರೋಗ ಮುಚ್ಚಿಹೋಗುತ್ತದೆ, ವಾಸಿಯಾಗುವುದಿಲ್ಲ. ಕೈಗೆ ಹಗುರವಾದ ಕಾರಣ ಸವೆತ ಚಾಲಕನಿಗೆ ಗೊತ್ತಾಗುವುದೂ ಇಲ್ಲ.

ಖರ್ಚಿಲ್ಲದ ಒಂದು ಪರೀಕ್ಷೆ ಇದೆ. ಗಾಡಿಯನ್ನು ಸಮತಟ್ಟಾದ ಜಾಗದಲ್ಲಿ ನಿಲ್ಲಿಸಿ, ಹಿಂದಿನ ಚಕ್ರಕ್ಕೆ ಅಡ್ಡ ಇಟ್ಟು, ಮುಂದಿನ ಆಕ್ಸಲನ್ನು ಜಾಕ್‌ನಿಂದ ಎತ್ತಿ ಸ್ಟ್ಯಾಂಡ್ ಮೇಲೆ ಕೂರಿಸಬೇಕು. ಡ್ರ್ಯಾಗ್ ಲಿಂಕನ್ನು ಚಕ್ರದ ಕಡೆಯಿಂದ ಬಿಚ್ಚಬೇಕು. ಈಗ ಚಕ್ರಗಳನ್ನು ಕೈಯಿಂದ ತಿರುಗಿಸಿ ನೋಡಬೇಕು. ಅವು ಬಿಗಿಯಾಗಿದ್ದರೆ ದೋಷ ಆಕ್ಸಲ್ ಕಡೆ, ಅಂದರೆ ಕಿಂಗ್ ಪಿನ್, ಬೇರಿಂಗ್ ಅಥವಾ ಎಂಡ್‌ಗಳಲ್ಲಿದೆ. ಚಕ್ರ ಹಗುರವಾಗಿದ್ದು ಸ್ಟೀರಿಂಗ್ ವೀಲ್ ಮಾತ್ರ ಬಿಗಿಯಾಗಿದ್ದರೆ ದೋಷ ಬಾಕ್ಸ್ ಅಥವಾ ಕಾಲಮ್ಮಿನಲ್ಲಿದೆ. ಎರಡೂ ಹಗುರವಾಗಿದ್ದು, ನೆಲಕ್ಕಿಳಿಸಿದಾಗ ಮಾತ್ರ ಭಾರವೆನಿಸಿದರೆ ಅದು ಟೈರಿನ ಗಾಳಿ, ಟೈರಿನ ಅಗಲ ಅಥವಾ ಮುಂದಿನ ಹೊರೆಯಿಂದ ಬಂದದ್ದು.

ಈ ಹಂತದಲ್ಲಿ ನೋಡಬೇಕಾದವು:

* ಟೈರಿನ ಗಾಳಿ ಎರಡೂ ಕಡೆ ಸಮನಾಗಿ, ತಯಾರಕರು ಹೇಳಿದಷ್ಟು ಇರಬೇಕು. ಅಗಲ ಟೈರ್ ಇದ್ದರೆ ಮೊದಲಿನ ಅಳತೆಗೆ ಮರಳುವುದೇ ದೊಡ್ಡ ಪರಿಹಾರವಾಗಬಹುದು.
* ಕಿಂಗ್ ಪಿನ್‌ಗೆ ಹೊಸ ಗ್ರೀಸ್ ಹೊಡೆಯಬೇಕು. ಎತ್ತಿದ ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಲುಗಿಸಿದಾಗ ಕಟಕಟ ಸದ್ದು ಬಂದರೆ ಕಿಂಗ್ ಪಿನ್ ಅಥವಾ ವೀಲ್ ಬೇರಿಂಗ್ ಸವೆದಿದೆ.
* ಟೈ ರಾಡ್ ಎಂಡ್, ಡ್ರ್ಯಾಗ್ ಲಿಂಕ್ ಎಂಡ್‌ಗಳ ರಬ್ಬರ್ ಕ್ಯಾಪ್ ಹರಿದಿದ್ದರೆ ಒಳಗೆ ಕೆಸರು ಸೇರಿರುತ್ತದೆ. ಅಂತಹ ಎಂಡ್ ಬದಲಿಸಬೇಕು.
* ವಿಲ್ಲೀಸ್ ಮಾದರಿಯಾದರೆ ಬೆಲ್ ಕ್ರ್ಯಾಂಕಿನ ಪಿನ್ ಮತ್ತು ಬುಶ್ ನೋಡಬೇಕು. ಎಷ್ಟೋ ಜೀಪುಗಳ ಅಲುಗಾಟದ ಮೂಲ ಇದೇ.
* ಬಾಕ್ಸಿನಲ್ಲಿ ತಯಾರಕರು ಹೇಳಿದ ಆಯಿಲ್ ಇರಬೇಕು. ಆಟ ತೆಗೆಯಲು ಸ್ಕ್ರೂವನ್ನು ಅತಿಯಾಗಿ ಬಿಗಿದರೆ ನೇರ ಓಟದಲ್ಲೇ ಸ್ಟೀರಿಂಗ್ ಕಚ್ಚುತ್ತದೆ.
* ಕೊನೆಗೆ ವೀಲ್ ಅಲೈನ್‌ಮೆಂಟ್ ಮಾಡಿಸಬೇಕು.

2018ರ ಆಗಸ್ಟ್ ನೆರೆಯಲ್ಲಿ ಪನಮರಂ ಹೊಳೆಯ ತಗ್ಗು ಪ್ರದೇಶಗಳಿಗೆ ನೀರು ನುಗ್ಗಿದ್ದು ಎಲ್ಲರಿಗೂ ನೆನಪಿದೆ. ಗಾಡಿ ಆಕ್ಸಲ್ ಮುಳುಗುವಷ್ಟು ನೀರಿನಲ್ಲಿ ನಿಂತರೆ ಗ್ರೀಸ್ ಜಾಗಕ್ಕೆ ನೀರು ಸೇರಿ ಒಳಗೇ ತುಕ್ಕು ಹಿಡಿಯುತ್ತದೆ. ಪ್ರತಿ ಮಳೆಗಾಲ ಮುಗಿದ ಮೇಲೆ ಹಳೆಯ ಗ್ರೀಸ್ ಹೊರಬರುವವರೆಗೆ ಹೊಸ ಗ್ರೀಸ್ ಹೊಡೆಸುವುದು ಒಳ್ಳೆಯದು.

ಇಷ್ಟು ಮಾಡಿದ ಮೇಲೂ ಭಾರ ಉಳಿದರೆ ಪವರ್ ಸ್ಟೀರಿಂಗ್ ಬಗ್ಗೆ ಯೋಚಿಸಬಹುದು. ಈವರೆಗಿನ ಖರ್ಚು ವ್ಯರ್ಥವಲ್ಲ. ಪವರ್ ಸ್ಟೀರಿಂಗ್ ಹಾಕಿದರೂ ಈ ಭಾಗಗಳೇ ಅದರ ಬಲವನ್ನು ಹೊರಬೇಕು.

ದಾರಿ ಒಂದು: ಹೈಡ್ರಾಲಿಕ್

ಎಂಜಿನ್ ಬೆಲ್ಟಿನಿಂದ ತಿರುಗುವ ಪಂಪು ಎಣ್ಣೆಯನ್ನು ಒತ್ತಡದಲ್ಲಿ ಸ್ಟೀರಿಂಗ್ ಬಾಕ್ಸಿಗೆ ಕಳಿಸುತ್ತದೆ. ಚಾಲಕ ವೀಲ್ ತಿರುಗಿಸಿದಾಗ ಬಾಕ್ಸಿನೊಳಗಿನ ವಾಲ್ವ್ ತೆರೆದು, ಎಣ್ಣೆ ಪಿಸ್ಟನ್ನನ್ನು ಒಂದು ಕಡೆಗೆ ತಳ್ಳುತ್ತದೆ. ತಿರುಗಿಸುವ ಬಲದ ಹೆಚ್ಚಿನ ಪಾಲು ಎಣ್ಣೆಯಿಂದ ಬರುತ್ತದೆ.

ಆ ಬಲ ಎಷ್ಟೆಂದು ಒಂದು ಲೆಕ್ಕದಿಂದ ತಿಳಿಯಬಹುದು. ಪಿಸ್ಟನ್ನಿನ ಅಡ್ಡಳತೆ 7 ಸೆಂ.ಮೀ. ಇದ್ದರೆ ಅದರ ಮುಖದ ವಿಸ್ತೀರ್ಣ ಸುಮಾರು 38 ಚದರ ಸೆಂ.ಮೀ. ಎಣ್ಣೆಯ ಒತ್ತಡ 80 ಬಾರ್ ಎಂದಿಟ್ಟುಕೊಂಡರೆ ಪ್ರತಿ ಚದರ ಸೆಂ.ಮೀ.ಗೆ ಸುಮಾರು 80 ಕಿಲೊ. ಒಟ್ಟು 3,000 ಕಿಲೊಗೂ ಹೆಚ್ಚು ತಳ್ಳುವ ಬಲ. ಬಾಕ್ಸು ಚಕ್ರವನ್ನು ಎಷ್ಟು ಬಲದಿಂದ ತಳ್ಳುತ್ತದೋ ಅದಕ್ಕೆ ತಕ್ಕ ಬಲ ಚಾಸಿಯ ಮೇಲೂ ಬೀಳುತ್ತದೆ. ತೋಳಿನ ಬಲಕ್ಕೆಂದು ಮಾಡಿದ ಹಳೆಯ ಬ್ರಾಕೆಟ್ ಇದಕ್ಕೆ ಸಾಲದು ಎಂಬುದಕ್ಕೆ ಈ ಲೆಕ್ಕವೇ ಸಾಕ್ಷಿ.

ಈ ವಿಧಾನಕ್ಕೆ ಬೇಕಾದವು: ಪವರ್ ಸ್ಟೀರಿಂಗ್ ಬಾಕ್ಸ್, ಅದಕ್ಕೆ ಹೊಂದುವ ಪಂಪು, ಎಣ್ಣೆ ಡಬ್ಬಿ, ಒತ್ತಡದ ಹೋಸ್, ಹಿಂತಿರುಗುವ ಹೋಸ್, ಪಂಪಿನ ಬ್ರಾಕೆಟ್, ಪುಲ್ಲಿ ಮತ್ತು ಬೆಲ್ಟ್, ಡ್ರಾಪ್ ಆರ್ಮ್, ಕಾಲಮ್ಮನ್ನು ಬಾಕ್ಸಿಗೆ ಸೇರಿಸುವ ಜಾಯಿಂಟ್. ಗಾಡಿ ಯಾವ ಕಂಪನಿಯದೋ ಅದೇ ಕಂಪನಿಯ ಪವರ್ ಸ್ಟೀರಿಂಗ್ ಇರುವ ಗಾಡಿಯ ಸೆಟ್ಟನ್ನು ಒಟ್ಟಾಗಿ ಕೊಂಡರೆ ಹೊಂದಿಸುವ ಕೆಲಸ ಕಡಿಮೆ. ಹಳೆಯ ಮಹೀಂದ್ರಾಕ್ಕೆ ಬೊಲೆರೊ ಕುಟುಂಬದ ಸೆಟ್ ಹುಡುಕುವುದು ಈ ಕಾರಣಕ್ಕೆ. ಬಾಕ್ಸ್ ಒಂದು ಕಡೆ, ಪಂಪು ಇನ್ನೊಂದು ಕಡೆ ಕೊಂಡರೆ ಒತ್ತಡ ಮತ್ತು ಹರಿವು ತಾಳೆಯಾಗದೆ ಹೋಗಬಹುದು.

ದಾರಿ ಎರಡು: ಎಲೆಕ್ಟ್ರಿಕ್ ಕಾಲಮ್

ಸಣ್ಣ ಕಾರುಗಳಲ್ಲಿ ಡ್ಯಾಶ್‌ಬೋರ್ಡಿನ ಕೆಳಗೆ, ಕಾಲಮ್ಮಿನ ಮೇಲೆಯೇ ಮೋಟಾರು ಇರುತ್ತದೆ. ಇದನ್ನು ಇಪಿಎಸ್ ಎನ್ನುತ್ತಾರೆ. ಗುಜರಿಗೆ ಬಂದ ಸಣ್ಣ ಕಾರಿನ ಕಾಲಮ್, ಮೋಟಾರು ಮತ್ತು ಕಂಟ್ರೋಲ್ ಯೂನಿಟ್ ತಂದು ಹಳೆಯ ಗಾಡಿಗೆ ಕೂರಿಸುವ ಪದ್ಧತಿ ದೇಶದ ಅನೇಕ ಕಡೆ ಇದೆ. ಪಂಪು, ಹೋಸ್, ಎಣ್ಣೆ ಯಾವುದೂ ಬೇಡ. ಹಳೆಯ ಬಾಕ್ಸು ಹಾಗೇ ಉಳಿಯುತ್ತದೆ. ಮೇಲ್ನೋಟಕ್ಕೆ ಇದೇ ಅಗ್ಗದ ದಾರಿ. ಆದರೆ ನಾಲ್ಕು ವಿಷಯ ಗಮನಿಸಬೇಕು.

ಒಂದು, ಆ ಮೋಟಾರು ಸಣ್ಣ ಕಾರಿನ ಹಗುರ ಮುಂಭಾಗಕ್ಕೆ ಮಾಡಿದ್ದು. ಡೀಸೆಲ್ ಎಂಜಿನ್ ಮತ್ತು ಅಗಲ ಟೈರಿನ ಗಾಡಿಯಲ್ಲಿ ಅದು ಸದಾ ತನ್ನ ಮಿತಿಯಲ್ಲೇ ದುಡಿಯುತ್ತದೆ, ಬಿಸಿಯಾದಾಗ ತಾನಾಗಿಯೇ ಸಹಾಯ ಕಡಿಮೆ ಮಾಡುತ್ತದೆ.

ಎರಡು, ಮೋಟಾರಿನ ಬಲ ಹಳೆಯ ಬಾಕ್ಸಿನ ಮೂಲಕವೇ ಹಾದುಹೋಗಬೇಕು. ಸವೆದ ಬಾಕ್ಸ್ ಇನ್ನಷ್ಟು ಬೇಗ ಸವೆಯುತ್ತದೆ.

ಮೂರು, ವಿದ್ಯುತ್. ಮೋಟಾರು 40 ಆಂಪಿಯರ್ ಎಳೆದರೆ 12 ವೋಲ್ಟಿನಲ್ಲಿ ಅದು 480 ವಾಟ್. ಎರಡು ಹೆಡ್‌ಲೈಟಿಗೆ ಬೇಕಾಗುವುದು ಸುಮಾರು 10 ಆಂಪಿಯರ್. ಆಲ್ಟರ್ನೇಟರ್ ಮೇಲೆ 35 ಆಂಪಿಯರ್ ಎಂದು ಬರೆದಿದ್ದರೆ ರಾತ್ರಿ ಮಳೆಯಲ್ಲಿ ಲೈಟು, ವೈಪರ್, ಸ್ಟೀರಿಂಗ್ ಮೂರನ್ನೂ ಅದು ತೂಗಿಸಲಾರದು. ಬ್ಯಾಟರಿಯಿಂದ ನೇರವಾಗಿ ದಪ್ಪ ವೈರ್, ಪ್ರತ್ಯೇಕ ಫ್ಯೂಸ್ ಮತ್ತು ಒಳ್ಳೆಯ ಅರ್ಥ್ ಬೇಕೇ ಬೇಕು.

ನಾಲ್ಕು, ಕಂಟ್ರೋಲ್ ಯೂನಿಟ್ಟಿಗೆ ಮೂಲ ಕಾರಿನಲ್ಲಿ ವೇಗದ ಮತ್ತು ಎಂಜಿನ್ ಓಟದ ಸಿಗ್ನಲ್ ಸಿಗುತ್ತಿತ್ತು. ಹಳೆಯ ಜೀಪಿನಲ್ಲಿ ಅದು ಇಲ್ಲ. ಸಿಗ್ನಲ್ ಇಲ್ಲದಿದ್ದರೆ ಕೆಲವು ಯೂನಿಟ್ ಕೆಲಸವನ್ನೇ ಮಾಡುವುದಿಲ್ಲ, ಕೆಲವು ಎಲ್ಲ ವೇಗದಲ್ಲೂ ಒಂದೇ ಸಮನೆ ಸಹಾಯ ಕೊಡುತ್ತವೆ. ವೇಗದ ಓಟದಲ್ಲಿ ಸ್ಟೀರಿಂಗ್ ಅತಿ ಹಗುರವಾದರೆ ಗಾಡಿ ಅಲೆಯುತ್ತದೆ.

ನೆರೆ ನೀರಿನಲ್ಲಿ ನಿಂತ ಕಾರಿನಿಂದ ಬಿಚ್ಚಿದ ಯೂನಿಟ್ ಎಷ್ಟೇ ಅಗ್ಗವಾಗಿದ್ದರೂ ಕೊಳ್ಳಬಾರದು. ಕನೆಕ್ಟರ್ ಪಿನ್‌ಗಳಲ್ಲಿ ಹಸಿರು ಕಿಲುಬು, ಮೋಟಾರಿನ ಮೇಲೆ ಒಣ ಕೆಸರಿನ ಗುರುತು ಇದ್ದರೆ ಅಲ್ಲಿಗೇ ಬಿಡಬೇಕು.

ಎರಡರಲ್ಲಿ ಯಾವುದು? ಮುಂಭಾಗ ಹಗುರವಿರುವ, ಖಾಲಿಯಾಗಿಯೇ ಹೆಚ್ಚು ಓಡುವ ಪೆಟ್ರೋಲ್ ಜೀಪಿಗೆ ಎಲೆಕ್ಟ್ರಿಕ್ ಸಾಕಾಗಬಹುದು. ಹೊರೆ ಹೊತ್ತು ಚುರ ಇಳಿಯುವ ಡೀಸೆಲ್ ಪಿಕಪ್ಪಿಗೆ ಹೈಡ್ರಾಲಿಕ್ಕೇ ಸೂಕ್ತ.

ಕೊಳ್ಳುವ ಮೊದಲು ಕಾನೂನು

ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಮಿನ ಪ್ರಕಾರ, ನೋಂದಣಿ ಪತ್ರದ ವಿವರಗಳು ತಯಾರಕರು ಮೂಲತಃ ಸೂಚಿಸಿದ್ದಕ್ಕಿಂತ ಬೇರೆಯಾಗುವಂತೆ ಮಾಲೀಕರು ವಾಹನವನ್ನು ಬದಲಿಸಬಾರದು. ಕೇರಳದಿಂದಲೇ ಹೋದ ಪ್ರಕರಣವೊಂದರಲ್ಲಿ 2019ರ ಜನವರಿ 9ರಂದು ಸುಪ್ರೀಂ ಕೋರ್ಟ್ ಈ ಕಲಮನ್ನು ಬಿಗಿಯಾಗಿ ಎತ್ತಿಹಿಡಿಯಿತು. ಅದೇ ವರ್ಷದ ತಿದ್ದುಪಡಿಯಿಂದ ಸೇರಿದ 182ಎ ಕಲಮಿನಲ್ಲಿ, ಅನುಮತಿಯಿಲ್ಲದ ಪ್ರತಿ ಬದಲಾವಣೆಗೆ ಮಾಲೀಕರಿಗೆ 5,000 ರೂಪಾಯಿ ದಂಡ ಅಥವಾ 6 ತಿಂಗಳವರೆಗೆ ಜೈಲು ಅಥವಾ ಎರಡೂ ವಿಧಿಸಲು ಅವಕಾಶವಿದೆ. ಹೊರಗಿನಿಂದ ತಂದು ಜೋಡಿಸಿದ ಭಾಗಗಳಿಗೂ ಇದು ಅನ್ವಯ.

ಬಾನೆಟ್ ಒಳಗಿನ ಬಾಕ್ಸು ಯಾರ ಕಣ್ಣಿಗೂ ಬೀಳದು ಎಂದು ಸುಮ್ಮನಿರುವುದು ಸರಿಯಲ್ಲ. ಅಪಘಾತವಾದ ದಿನ ವಿಮಾ ಸರ್ವೇಯರ್ ಮೊದಲು ನೋಡುವ ಭಾಗಗಳಲ್ಲಿ ಸ್ಟೀರಿಂಗ್ ಒಂದು. ಆದ್ದರಿಂದ ಸಾಮಾನು ಕೊಳ್ಳುವ ಮೊದಲೇ, ಗಾಡಿ ನೋಂದಣಿಯಾದ ಆರ್‌ಟಿಒ ಕಚೇರಿಗೆ ಲಿಖಿತ ಅರ್ಜಿ ಕೊಟ್ಟು, ಯಾವ ಮಾದರಿಯ ಯಾವ ಭಾಗ ಹಾಕಲಾಗುವುದು ಎಂದು ತಿಳಿಸಿ, ಉತ್ತರವನ್ನು ಬರಹದಲ್ಲೇ ಪಡೆಯಬೇಕು. ಅನುಮತಿ ಸಿಕ್ಕಿ ಬದಲಾವಣೆ ಮಾಡಿಸಿದರೆ 14 ದಿನದೊಳಗೆ ವರದಿ ಮಾಡಿ ನೋಂದಣಿ ಪತ್ರದಲ್ಲಿ ನಮೂದು ಮಾಡಿಸಬೇಕು. ವಿಮಾ ಕಂಪನಿಗೂ ಪತ್ರ ಕೊಡಬೇಕು. ಅನುಮತಿ ಸಿಗದಿದ್ದರೆ ಮೊದಲ ಹೆಜ್ಜೆಯಲ್ಲಿ ಹೇಳಿದ ರಿಪೇರಿಗಳಿಗೆ ನಿಲ್ಲುವುದೇ ಉಳಿದ ದಾರಿ.

ಗಡಿಯವರು ಗಮನಿಸಬೇಕಾದ ಇನ್ನೊಂದು ಮಾತಿದೆ. ವಯನಾಡಿನ ಗಾಡಿ ಕೆಎಲ್-12, ಕೊಡಗಿನ ಗಾಡಿ ಕೆಎ-12. ಸಂಖ್ಯೆ ಒಂದೇ ಆದರೂ ಕಚೇರಿ ಬೇರೆ. ಮಾನಂದವಾಡಿಯ ಕಚೇರಿಗೆ ಕೆಎಲ್-72, ಸುಲ್ತಾನ್ ಬತ್ತೇರಿಗೆ ಕೆಎಲ್-73. ಕುಟ್ಟದಲ್ಲೋ ಎಚ್.ಡಿ. ಕೋಟೆಯಲ್ಲೋ ಕೆಲಸ ಮಾಡಿಸಿದರೂ ಅರ್ಜಿ ಹೋಗಬೇಕಾದ್ದು ಗಾಡಿಯ ಕಾಗದ ಇರುವ ಕಚೇರಿಗೆ. ಶುಂಠಿ ಬೇಸಾಯಕ್ಕಾಗಿ ಗಾಡಿಯನ್ನು 12 ತಿಂಗಳಿಗೂ ಹೆಚ್ಚು ಕಾಲ ಇನ್ನೊಂದು ರಾಜ್ಯದಲ್ಲೇ ಇಟ್ಟುಕೊಂಡರೆ ಅಲ್ಲಿನ ನೋಂದಣಿ ಸಂಖ್ಯೆ ಪಡೆಯಬೇಕೆಂದು ಕಾಯ್ದೆಯ 47ನೇ ಕಲಂ ಹೇಳುತ್ತದೆ.

ಸರಕು ಸಾಗಣೆ ಗಾಡಿಗಳಿಗೆ 8 ವರ್ಷ ದಾಟಿದ ಮೇಲೆ ಪ್ರತಿವರ್ಷ ಫಿಟ್‌ನೆಸ್ ಪರೀಕ್ಷೆ ಇದೆ. ಕೇಂದ್ರ ಮೋಟಾರು ವಾಹನ ನಿಯಮ 98ರಂತೆ ಸ್ಟೀರಿಂಗ್ ವೀಲಿನ ಆಟ 30 ಡಿಗ್ರಿ ಮೀರಬಾರದು. 40 ಸೆಂ.ಮೀ. ಅಡ್ಡಳತೆಯ ವೀಲಿನಲ್ಲಿ ಇದು ಅಂಚಿನ ಮೇಲೆ ಸುಮಾರು 10 ಸೆಂ.ಮೀ. ಎಂಡ್‌ಗಳಿಗೆ ರಬ್ಬರ್ ಕ್ಯಾಪ್ ಇರಬೇಕು, ಬೋಲ್ಟ್ ಮತ್ತು ಪಿನ್‌ಗಳು ಕಳಚದಂತೆ ಲಾಕ್ ಆಗಿರಬೇಕು ಎಂಬುದೂ ಅದೇ ನಿಯಮದಲ್ಲಿದೆ.

ಹೈಡ್ರಾಲಿಕ್ ಜೋಡಣೆಯ ಕ್ರಮ

ಇದು ಅನುಭವವಿರುವ ವರ್ಕ್‌ಶಾಪಿನ ಕೆಲಸ. ಮಾಲೀಕರು ಎದುರಿಗಿದ್ದು ಈ ಅಂಶಗಳನ್ನು ಕೇಳಿ ಖಚಿತಪಡಿಸಿಕೊಳ್ಳಬಹುದು.

1. ಬಾಕ್ಸು ತಿರುಗುವ ದಿಕ್ಕು. ಡ್ರಾಪ್ ಆರ್ಮ್ ಮುಂದಕ್ಕೆ ಚಾಚುವ ಬಾಕ್ಸೋ ಹಿಂದಕ್ಕೆ ಚಾಚುವ ಬಾಕ್ಸೋ ನೋಡದೆ ಕೂರಿಸಿದರೆ ಬಲಕ್ಕೆ ತಿರುಗಿಸಿದಾಗ ಚಕ್ರ ಎಡಕ್ಕೆ ಹೋಗುವ ಅಪಾಯವಿದೆ. ಬೋಲ್ಟ್ ಹಾಕುವ ಮೊದಲೇ ಕೈಯಲ್ಲಿ ಹಿಡಿದು ನೋಡಬೇಕು.

2. ಚಾಸಿ. ತುಕ್ಕು ಕೆರೆದು, ಬಿರುಕು ಇದೆಯೇ ನೋಡಬೇಕು. ಬಾಕ್ಸ್ ಕೂರುವ ಜಾಗಕ್ಕೆ ಒಳಗೂ ಹೊರಗೂ ದಪ್ಪ ಪ್ಲೇಟ್ ಹಾಕಿ, ಬೋಲ್ಟ್ ಹಾದುಹೋಗುವಲ್ಲಿ ಚಾಸಿಯೊಳಗೆ ಪೈಪಿನ ತುಂಡು ಕೊಟ್ಟು ವೆಲ್ಡ್ ಮಾಡಬೇಕು. ಪೈಪ್ ಇಲ್ಲದೆ ಬಿಗಿದರೆ ಚಾಸಿ ನಗ್ಗುತ್ತದೆ, ಬೋಲ್ಟ್ ದಿನಕಳೆದಂತೆ ಸಡಿಲವಾಗುತ್ತದೆ.

3. ಡ್ರಾಪ್ ಆರ್ಮ್. ಬಾಕ್ಸಿನ ಹಲ್ಲಿಗೆ ಸರಿಯಾಗಿ ಹೊಂದುವ ಆರ್ಮನ್ನೇ ಹುಡುಕಬೇಕು. ಅದನ್ನು ಕಾಯಿಸಿ ಬಗ್ಗಿಸುವುದು, ಕತ್ತರಿಸಿ ವೆಲ್ಡ್ ಮಾಡುವುದು ಎಂದಿಗೂ ಸಲ್ಲದು. ಡ್ರ್ಯಾಗ್ ಲಿಂಕ್ ಮತ್ತು ಟೈ ರಾಡಿಗೂ ಇದೇ ಮಾತು.

4. ಎಂಡ್‌ಗಳ ಇಳಿಜಾರು. ಎಂಡಿನ ಕೋನದ ಭಾಗ ಆರ್ಮಿನ ತೂತಿನಲ್ಲಿ ಪೂರ್ತಿ ಕೂರಬೇಕು. ಕೂರದಿದ್ದರೆ ಟೇಪರ್ ರೀಮರ್‌ನಿಂದ ಸರಿಮಾಡಬೇಕು, ಡ್ರಿಲ್‌ನಿಂದ ಅಲ್ಲ. ನಟ್ಟಿಗೆ ಸ್ಪ್ಲಿಟ್ ಪಿನ್ ಹಾಕಲು ತೂತು ತಾಳೆಯಾಗದಿದ್ದರೆ ನಟ್ಟನ್ನು ಮುಂದಕ್ಕೆ ಬಿಗಿಯಬೇಕು, ಹಿಂದಕ್ಕೆ ಸಡಿಲಿಸಬಾರದು.

5. ಡ್ರ್ಯಾಗ್ ಲಿಂಕಿನ ಕೋನ. ಗಾಡಿ ತನ್ನ ಭಾರದಲ್ಲಿ ನಿಂತಾಗ ಲಿಂಕ್ ಮೂಲದಲ್ಲಿದ್ದ ಕೋನದಲ್ಲೇ ಇರಬೇಕು. ತಪ್ಪಿದರೆ ಪ್ರತಿ ಹೊಂಡದಲ್ಲೂ ಗಾಡಿ ತಾನಾಗಿಯೇ ಪಕ್ಕಕ್ಕೆ ಎಳೆಯುತ್ತದೆ.

6. ಕೊನೆಯ ತಡೆ. ಪೂರ್ತಿ ತಿರುಗಿದಾಗ ಆಕ್ಸಲ್ ಮೇಲಿನ ಸ್ಟಾಪ್ ಸ್ಕ್ರೂ ಮೊದಲು ತಾಗಬೇಕು. ಹೋಸಾಗಲಿ ಟೈರಾಗಲಿ ಎಲ್ಲಿಗೂ ಉಜ್ಜಬಾರದು. 4×4 ಗಾಡಿಯಲ್ಲಿ ಸ್ಟಾಪ್ ಇಲ್ಲದಿದ್ದರೆ ಪವರ್ ಬಾಕ್ಸಿನ ಬಲಕ್ಕೆ ಆಕ್ಸಲ್ ಜಾಯಿಂಟ್ ಮುರಿಯಬಹುದು.

7. ಕಾಲಮ್. ಹಳೆಯ ಜೀಪಿನ ಕಾಲಮ್ ಬಾಕ್ಸಿನವರೆಗೆ ಒಂದೇ ಸರಳು. ಹೊಸ ಜೋಡಣೆಯಲ್ಲಿ ಯೂನಿವರ್ಸಲ್ ಜಾಯಿಂಟ್ ಬರುತ್ತದೆ. ಜಾಯಿಂಟ್ ಕಾರ್ಖಾನೆಯದೇ ಆಗಿರಬೇಕು, ಶಾಫ್ಟನ್ನು ಲೇತಿನಲ್ಲಿ ತುಂಡು ಸೇರಿಸಿ ವೆಲ್ಡ್ ಮಾಡಬಾರದು.

8. ಹೋಸ್. ಒತ್ತಡದ ಹೋಸನ್ನು ಸೈಲೆನ್ಸರ್ ಪೈಪಿನಿಂದ ದೂರ ಹಾಯಿಸಬೇಕು. ಸ್ಟೀರಿಂಗ್ ಎಣ್ಣೆ ಬಿಸಿ ಲೋಹದ ಮೇಲೆ ಬಿದ್ದರೆ ಬೆಂಕಿ ಹಿಡಿಯುತ್ತದೆ.

9. ಗಾಳಿ ತೆಗೆಯುವುದು. ಮುಂದಿನ ಚಕ್ರ ಎತ್ತಿ, ಎಂಜಿನ್ ಸ್ಟಾರ್ಟ್ ಮಾಡದೆ, ಬಾಕ್ಸಿಗೆ ಹೇಳಿದ ಎಣ್ಣೆ ತುಂಬಿಸುತ್ತಾ ವೀಲನ್ನು ಎಡದಿಂದ ಬಲಕ್ಕೆ ಪೂರ್ತಿಯಾಗಿ ನಿಧಾನಕ್ಕೆ ಹಲವು ಬಾರಿ ತಿರುಗಿಸಬೇಕು. ನೊರೆ ನಿಂತ ಮೇಲೆ ಎಂಜಿನ್ ಸ್ಟಾರ್ಟ್ ಮಾಡಬೇಕು.

ಹಣ ಎಲ್ಲಿ ಉಳಿಸಬಹುದು?

ಹಳೆಯದು ಸಾಕಾಗುವವು: ಪವರ್ ಬಾಕ್ಸು (ಸೀಲ್ ಕಿಟ್ ಹೊಸದು ಹಾಕಿಸಿ), ಪಂಪು (ಸದ್ದು ಮತ್ತು ಸೋರಿಕೆ ನೋಡಿ), ಎಣ್ಣೆ ಡಬ್ಬಿ, ಪುಲ್ಲಿ, ಪಂಪಿನ ಬ್ರಾಕೆಟ್, ಹಾನಿಯಿಲ್ಲದ ಡ್ರಾಪ್ ಆರ್ಮ್. ಹಳೆಯ ಭಾಗಗಳನ್ನು ಬಿಚ್ಚುವುದು, ತೊಳೆಯುವುದು, ತುಕ್ಕು ಕೆರೆದು ಬಣ್ಣ ಹಚ್ಚುವುದು ಮಾಲೀಕರೇ ಮಾಡಿದರೆ ಕೂಲಿ ಉಳಿಯುತ್ತದೆ.

ಹೊಸದೇ ಬೇಕಾದವು: ಒತ್ತಡದ ಹೋಸ್, ಬೆಲ್ಟ್, ಎಲ್ಲ ಎಂಡ್‌ಗಳು, ಬಾಕ್ಸಿನ ಬೋಲ್ಟ್‌ಗಳು (ಹೈ ಟೆನ್ಸೈಲ್, ತಲೆಯ ಮೇಲೆ 8.8 ಅಥವಾ ಅದಕ್ಕೂ ಹೆಚ್ಚಿನ ಗುರುತು), ಸ್ಪ್ಲಿಟ್ ಪಿನ್‌ಗಳು. ಚಾಸಿಯ ವೆಲ್ಡಿಂಗ್ ಕೆಲಸಕ್ಕೆ ಅಗ್ಗದವರನ್ನು ಹುಡುಕದೆ ಚೆನ್ನಾಗಿ ಬಲ್ಲವರನ್ನು ಹುಡುಕಬೇಕು.

ಗುಜರಿಯಿಂದ ತರುವಾಗ ಭಾಗ ಬಂದ ಗಾಡಿಯ ಮಾದರಿ, ವರ್ಷ ಕೇಳಿ, ಬಿಲ್ ಪಡೆಯಬೇಕು. ಆರ್‌ಟಿಒ ಅರ್ಜಿಗೆ ಇದು ಬೇಕಾಗುತ್ತದೆ, ಕಳವು ಮಾಲಿನ ಸಂಶಯದಿಂದಲೂ ರಕ್ಷಣೆ.

ಪರೀಕ್ಷೆ ಮತ್ತು ಚುರ ಇಳಿಯುವಾಗಿನ ಎಚ್ಚರ

ಮೊದಲ ಓಟ ರಸ್ತೆಯಲ್ಲಿ ಬೇಡ. ಬಯಲಿನಲ್ಲಿ, ನಡೆಯುವ ವೇಗದಲ್ಲಿ ಎಡಬಲ ತಿರುಗಿಸಿ ನೋಡಬೇಕು. ವೀಲ್ ಬಿಟ್ಟಾಗ ಗಾಡಿ ತಾನಾಗಿಯೇ ಒಂದು ಕಡೆ ತಿರುಗಬಾರದು. ತಿರುವಿನ ನಂತರ ವೀಲ್ ನೇರಕ್ಕೆ ಮರಳಬೇಕು. ಮರಳದಿದ್ದರೆ ಆಕ್ಸಲಿನ ಕ್ಯಾಸ್ಟರ್ ಕೋನ ಸಾಲದು. ಸ್ಪ್ರಿಂಗಿನ ಕೆಳಗೆ ತಕ್ಕ ಇಳಿಜಾರಿನ ಉಕ್ಕಿನ ಬೆಣೆ ಕೊಟ್ಟು ಸರಿಮಾಡಬಹುದು. ಪೂರ್ತಿ ತಿರುಗಿಸಿದ ಸ್ಥಿತಿಯಲ್ಲಿ ವೀಲನ್ನು 5 ಸೆಕೆಂಡಿಗಿಂತ ಹೆಚ್ಚು ಒತ್ತಿ ಹಿಡಿಯಬಾರದು, ಎಣ್ಣೆ ಕಾದು ಪಂಪು ಹಾಳಾಗುತ್ತದೆ. ನಂತರ ಖಾಲಿ ಗಾಡಿ, ಆಮೇಲೆ ಅರ್ಧ ಹೊರೆ, ಕೊನೆಗೆ ಪೂರ್ತಿ ಹೊರೆ. 100 ಕಿ.ಮೀ. ಮತ್ತು 500 ಕಿ.ಮೀ. ಓಡಿದ ಮೇಲೆ ಎಲ್ಲ ಬೋಲ್ಟ್‌ಗಳನ್ನು ಮತ್ತೆ ಬಿಗಿಸಿ, ವೆಲ್ಡಿಂಗ್ ಅಂಚಿನಲ್ಲಿ ಬಿರುಕು ನೋಡಬೇಕು.

ಎಲ್ಲಕ್ಕಿಂತ ಮುಖ್ಯವಾದ ಮಾತು: ಡೀಸೆಲ್ ಉಳಿಸಲು ಇಳಿಜಾರಿನಲ್ಲಿ ಎಂಜಿನ್ ಆಫ್ ಮಾಡಿ ನ್ಯೂಟ್ರಲಿನಲ್ಲಿ ಬಿಡುವ ಚಾಳಿ ಕೆಲವರಿಗಿದೆ. ಪವರ್ ಸ್ಟೀರಿಂಗ್ ಹಾಕಿದ ಗಾಡಿಯಲ್ಲಿ ಹೀಗೆ ಮಾಡುವುದು ಪ್ರಾಣಕ್ಕೆ ಎರವು. ಎಂಜಿನ್ ನಿಂತ ಕೂಡಲೇ ಪಂಪು ನಿಲ್ಲುತ್ತದೆ, ಸ್ಟೀರಿಂಗ್ ಮೊದಲಿಗಿಂತಲೂ ಭಾರವಾಗಬಹುದು. ಬ್ರೇಕ್ ಬೂಸ್ಟರ್ ಇದ್ದರೆ ಅದರ ಸಹಾಯವೂ ಬೇಗ ಮುಗಿಯುತ್ತದೆ. ಹಗುರ ಸ್ಟೀರಿಂಗಿಗೆ ಒಗ್ಗಿದ ಕೈಗೆ ಹೇರ್‌ಪಿನ್ ತಿರುವಿನ ನಡುವೆ ಇದು ತಿಳಿದರೆ ತಡವಾಗಿರುತ್ತದೆ. ಸಮತಟ್ಟಾದ ಖಾಲಿ ಜಾಗದಲ್ಲಿ, ಯಾರಾದರೂ ಗಾಡಿಯನ್ನು ಮೆಲ್ಲಗೆ ತಳ್ಳುವಾಗ, ಕೀ ಆನ್ ಇಟ್ಟು ಎಂಜಿನ್ ಮಾತ್ರ ನಿಲ್ಲಿಸಿ ವೀಲ್ ತಿರುಗಿಸಿ ನೋಡಿದರೆ ಆ ಭಾರ ಎಷ್ಟೆಂದು ತಿಳಿಯುತ್ತದೆ. ಗಾಡಿ ಓಡಿಸುವ ಮನೆಯವರೆಲ್ಲರೂ ಒಮ್ಮೆ ಇದನ್ನು ಮಾಡಿ ನೋಡಬೇಕು.

ವರ್ಕ್‌ಶಾಪಿನ ಮಾತು: ಮಲಯಾಳಂ – ಕನ್ನಡ

* ವಳಯಂ – ಸ್ಟೀರಿಂಗ್ ವೀಲ್
* ಆಟ್ಟಂ – ಆಟ, ಅಲುಗಾಟ
* ತೇಯ್ಮಾನಂ – ಸವೆತ
* ಚೋರ್ಚ – ಸೋರಿಕೆ
* ಅಯಞ್ಞು – ಸಡಿಲವಾಗಿದೆ
* ಮುರುಕ್ಕುಕ – ಬಿಗಿ ಮಾಡುವುದು
* ಇಡತ್ತೋಟ್ಟು ವಲಿಕ್ಕುನ್ನು – ಎಡಕ್ಕೆ ಎಳೆಯುತ್ತಿದೆ
* ಚುರಂ – ಘಾಟಿ

ಒಟ್ಟಿನಲ್ಲಿ: ಮೊದಲು ಗ್ರೀಸ್, ಗಾಳಿ, ಎಂಡ್. ಆಮೇಲೆ ಆರ್‌ಟಿಒ ಕಚೇರಿಯ ಲಿಖಿತ ಉತ್ತರ. ಆಮೇಲೆ ಒಂದೇ ಗಾಡಿಯಿಂದ ಬಂದ ಪೂರ್ತಿ ಸೆಟ್. ಬಾಕ್ಸು ಹಳೆಯದಾದರೂ ನಡೆಯುತ್ತದೆ. ಅದನ್ನು ಹಿಡಿದಿಡುವ ಬೋಲ್ಟು, ಅದರ ಬಲ ಹೊರುವ ಎಂಡು ಮತ್ತು ಎಣ್ಣೆ ಒಯ್ಯುವ ಹೋಸು ಹೊಸದಾಗಿರಬೇಕು. ಹೊರೆ ಹೊತ್ತ ಗಾಡಿ ಚುರ ಇಳಿಯುವಾಗ ಅದರಲ್ಲಿರುವವರ ಜೀವ ನಿಂತಿರುವುದು ಈ ಸಣ್ಣ ಭಾಗಗಳ ಮೇಲೆ.